ಕಾನೂನು ಒಪ್ಪಿದ ಮೇಲೂ

ಅಮೆರಿಕದ ಪ್ರಜೆಯೇ ಆಗಿಹೋಗಿರುವ ನನ್ನ ತಂಗಿಯ ಮಗ ಒಂದು ದಿನ ಫೋನು ಮಾಡಿ, "ಮಾವ, ಬಿಡಿಭಾಗ ತರಿಸಿ ನಾನೇ ಒಂದು ಸೆಮಿ ಆಟೋಮ್ಯಾಟಿಕ್ ರೈಫಲ್ ಜೋಡಿಸಿದೆ" ಅಂದ. ನನಗೆ ಗಾಬರಿ. "ಕಾನೂನು ಏನನ್ನುತ್ತಪ್ಪಾ?" ಎಂದೆ. ಅವನ ಹತ್ತಿರ ಲೆಕ್ಕ ಸಿದ್ಧವಾಗಿತ್ತು. ಆಮದಿಗೆ ನಿಷೇಧವಿರುವ ಮಾದರಿಯನ್ನು ಅಲ್ಲೇ ಜೋಡಿಸುವುದಾದರೆ, ಸರ್ಕಾರ ಪಟ್ಟಿ ಮಾಡಿರುವ 20 ಭಾಗಗಳಲ್ಲಿ ವಿದೇಶದವು 10ನ್ನು ಮೀರಬಾರದು. ಹತ್ತಾದರೆ ಸರಿ, ಹನ್ನೊಂದಾದರೆ ಅಪರಾಧ. "ನಂದು ಒಂಬತ್ತೇ ಮಾವ" ಎಂದು ನಕ್ಕ.

ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಕ್ಕ ತಾಳೆ ನೋಡಿದವನಿಗೆ ಈ ಉತ್ತರ ಸಾಕಾಗಬೇಕಿತ್ತು. ಸಾಕಾಗಲಿಲ್ಲ. ಆದರೆ ಅವನಿಗೆ ಬುದ್ಧಿ ಹೇಳುವ ಮೊದಲು ನಮ್ಮ ಮನೆಯ ಕೋವಿಯದೇ ತೀರ್ಮಾನ ಆಗಬೇಕಿತ್ತು.

ನಾವು ಕೊಡಗಿನವರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಜಿಲ್ಲೆಯ ಹೊರಗೆ ವಾಸಿಸುವವರಿಗೂ ಅರವತ್ತರ ದಶಕದ ಅಧಿಸೂಚನೆ ಮಿತಿ ಹಾಕಿತ್ತು: ಒಂದು ರೈಫಲಿಗೆ 100 ಗುಂಡು, ಒಂದು ಸಾದಾ ನಳಿಗೆಯ ಕೋವಿಗೆ 500 ತೋಟೆ. ಅಣ್ಣನಿಗೆ ವಯಸ್ಸಾಯಿತು. "ಅಪ್ಪನ ಕೋವಿ ನೀನೇ ಪುಣೆಗೆ ತಗೊಂಡ್ ಹೋಗು, ಕಾಗದಪತ್ರ ಮಾಡಿಸೋಣ" ಎಂದ.

ಆಸೆಯೇನೋ ಆಯಿತು. ಊರಿನಲ್ಲಿ ಕೋವಿಗೆ ಕೆಲಸವುಂಟು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಕೈಲ್ ಪೊಳ್ದ್ ಹಬ್ಬಕ್ಕೆ ಪೂಜೆ. ಜಗಳದಲ್ಲಿ ಕೋವಿ ಎತ್ತಿದವರು ಅಲ್ಲೂ ಇದ್ದಾರೆ, ಇಲ್ಲವೆನ್ನಲಾರೆ. ಆದರೂ ಯಾರ ಮನೆಯ ಕೋವಿ ಯಾವಾಗ ಹೊರಬಂತು ಅಂತ ಅಲ್ಲಿ ಊರಿಗೇ ಗೊತ್ತು. ಪುಣೆಯ ಮೂರನೇ ಮಹಡಿಯಲ್ಲಿ ಅದಕ್ಕೆ ಬಟ್ಟೆಯ ಕಪಾಟು, ಅದರ ಪಕ್ಕ ಏಳು ವರ್ಷದ ಮೊಮ್ಮಗ.

ಆಗ ಹಳೆಯದೊಂದು ಸಾಲ ನೆನಪಾಯಿತು. ವಿಧವೆ ತಾಯಿಯ ಮನೆ ಅಡವಿಟ್ಟು ಮಗ ಕೇಳಿದ್ದ. ದಾಖಲೆ ಎಲ್ಲಾ ಸರಿ. ಆತ ತೀರಿಸುವವನಲ್ಲ ಅಂತ ಒಳಗೊಳಗೇ ಅನ್ನಿಸಿದರೂ ಮಂಜೂರು ಮಾಡಿದೆ. ಮನೆ ಹರಾಜಾಯಿತು. ಆಡಿಟ್‌ನಲ್ಲಿ ನನ್ನದು ಒಂದು ತಪ್ಪೂ ಬರಲಿಲ್ಲ. ಆ ತಾಯಿಯ ಮುಖ ಮಾತ್ರ ಇವತ್ತಿಗೂ ಬರುತ್ತದೆ. ಕಾನೂನು ಎಷ್ಟು ಎಂದು ಎಣಿಸಿಕೊಡುತ್ತದೆ. ಬೇಕೇ ಎಂದು ಕೇಳಿಕೊಳ್ಳುವ ಕೆಲಸ ನಮ್ಮ ಪಾಲಿಗೇ ಉಳಿಯುತ್ತದೆ.

ಕೋವಿ ಊರಲ್ಲೇ ಇರಲಿ, ನಿನ್ನ ಮಗ ನೋಡಿಕೊಳ್ಳಲಿ ಎಂದು ಅಣ್ಣನಿಗೆ ಹೇಳಿದೆ. ಅಳಿಯನಿಗೆ ಉಪದೇಶ ಮಾಡಲಿಲ್ಲ, "ಒಂಬತ್ತು ಭಾಗ ಸರಿಯಪ್ಪಾ, ಅದು ಮನೆಯಲ್ಲಿ ಯಾಕೆ ಬೇಕು?" ಎಂದಷ್ಟೇ ಕೇಳಿದೆ. "ಯೋಚನೆ ಮಾಡ್ತೀನಿ ಮಾವ" ಎಂದ.

ಈ ಸಲದ ಕೈಲ್ ಪೊಳ್ದ್‌ಗೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆದ ಸದ್ದನ್ನು ಅಣ್ಣ ಫೋನಿನಲ್ಲೇ ಕೇಳಿಸಿದ. ಕಣ್ಣು ತುಂಬಿತು. ತರದೇ ಇದ್ದುದರಿಂದ ನಷ್ಟವೂ ಉಂಟು; ಅದನ್ನು ನನ್ನ ಖರ್ಚಿಗೇ ಬರೆದುಕೊಂಡಿದ್ದೇನೆ.