ನೋಡಲೇಬೇಕು ಎಂಬ ಮಾತು

ಸಿನಿಮಾ ಹುಚ್ಚಿರುವವರ ಬಾಯಲ್ಲಿ ಒಂದು ಮಾತು ಸದಾ ಇರುತ್ತದೆ: ‘ನೀನು ಇದನ್ನು ನೋಡಲೇಬೇಕು.’ ಊಟದ ವಿಷಯದಲ್ಲಿ ನಾವು ಇಷ್ಟು ಹಟ ಮಾಡುವುದಿಲ್ಲ. ಪತ್ರೊಡೆ ನನಗೆ ಇಷ್ಟ, ನನ್ನ ರೂಮ್‌ಮೇಟ್‌ಗೆ ಅದನ್ನು ತಿಂದರೆ ಗಂಟಲು ತುರಿಸುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಆದರೆ ನಾನು ಮೆಚ್ಚಿ ತೋರಿಸಿದ ಚಿತ್ರದ ನಡುವೆ ಅವಳು ಮೊಬೈಲ್ ತೆಗೆದು ನೋಡಿದರೆ ನನಗೆ ಅವಮಾನವಾದಂತಾಗುತ್ತದೆ. ಆ ಚಿತ್ರವನ್ನು ಮಾಡಿದ್ದು ನಾನಲ್ಲ, ಅದರಿಂದ ನನಗೆ ಬರಬೇಕಾದದ್ದು ಏನೂ ಇಲ್ಲ. ಆದರೂ ಯಾಕೆ ಹೀಗೆ?

ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಪ್ರಕಟಿಸಿದ ತನ್ನ ಮೂರನೆಯ ವಿಮರ್ಶಾಗ್ರಂಥದಲ್ಲಿ ಈ ವ್ಯತ್ಯಾಸವನ್ನೇ ಹಿಡಿದು ಮಾತಾಡುತ್ತಾನೆ. ಕಾನರಿ ದ್ವೀಪದ ವೈನ್ ಹಿತವಾಗಿದೆ ಎನ್ನುವವನನ್ನು ಯಾರಾದರೂ ತಿದ್ದಿ ‘ನಿನಗೆ ಹಿತ’ ಎಂದರೆ ಅವನು ಒಪ್ಪಿಕೊಳ್ಳುತ್ತಾನೆ. ಆದರೆ ಒಂದು ಕಟ್ಟಡವನ್ನೋ ಕವಿತೆಯನ್ನೋ ಸುಂದರ ಎಂದು ಕರೆದವನು ತನ್ನೊಬ್ಬನ ಪರವಾಗಿ ಮಾತಾಡುತ್ತಿರುವುದಿಲ್ಲ. ಉಳಿದವರೂ ಹಾಗೆಯೇ ಕಾಣಬೇಕು ಎಂದು ಅವನು ನಿರೀಕ್ಷಿಸುವುದಷ್ಟೇ ಅಲ್ಲ, ಅದನ್ನು ಅವರಿಂದ ಕೇಳುತ್ತಾನೆ. ‘ನೋಡಲೇಬೇಕು’ ಎಂಬ ಮಾತಿನ ಕೊನೆಯಲ್ಲಿರುವ ಒತ್ತಾಯ ಅಲ್ಲಿಂದಲೇ ಬಂದದ್ದು ಎಂದು ನಾನು ಬಹಳ ದಿನ ನಂಬಿದ್ದೆ. ಹೋದ ದಸರಾ ರಜೆಯ ತನಕ ಆ ನಂಬಿಕೆಯಿಂದ ನನಗೆ ಯಾವ ತೊಂದರೆಯೂ ಆಗಿರಲಿಲ್ಲ.

ನಮ್ಮ ಹಾಸ್ಟೆಲಿನಲ್ಲಿ ಶನಿವಾರ ರಾತ್ರಿ ಏಳೆಂಟು ಹುಡುಗಿಯರು ಸೇರಿ ಸಿನಿಮಾ ನೋಡುತ್ತೇವೆ. ಗೋಡೆಗೆ ಬಿಳಿ ಬೆಡ್‌ಶೀಟು, ಕಡ ತಂದ ಪ್ರೊಜೆಕ್ಟರು, ಮಂಡಕ್ಕಿ. ಚಿತ್ರ ಆರಿಸುವವಳು ನಾನು. ನನ್ನದು ಒಂದೇ ನಿಯಮ: ಮೊದಲೇ ಕಥೆ ಹೇಳುವ ಹಾಗಿಲ್ಲ. ಚಿತ್ರ ಶುರುವಾದ ಮೇಲೆ ನಾನು ಗೋಡೆಯ ಕಡೆ ನೋಡುವುದು ಕಡಿಮೆ. ನನಗೆ ಬಾಯಿಪಾಠವಾದ ದೃಶ್ಯ ಹತ್ತಿರ ಬಂದಂತೆ ಪಕ್ಕದವರ ಮುಖ ನೋಡುತ್ತಿರುತ್ತೇನೆ. ಅಲ್ಲಿ ಕಣ್ಣು ಒದ್ದೆಯಾದರೆ ನನಗೆ ಸಮಾಧಾನ. ಇದನ್ನು ನಾನು ಹಂಚಿಕೊಳ್ಳುವುದು ಎಂದು ಕರೆಯುತ್ತಿದ್ದೆ.

ದಸರಾ ರಜೆಗೆ ಊರಿಗೆ ಹೋದಾಗ ಅಜ್ಜಿಗೆ ‘ಘಟಶ್ರಾದ್ಧ’ ತೋರಿಸಿದೆ. ಅನಂತಮೂರ್ತಿಯವರ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು ಮಾಡಿದ ಮೊದಲ ಪೂರ್ಣಾವಧಿ ಚಿತ್ರ ಅದು, 1977ರದ್ದು. ಸ್ವರ್ಣಕಮಲ ಪಡೆದದ್ದು. 2024ರಲ್ಲಿ ಅದರ ಪುನರುಜ್ಜೀವಿತ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಾಗ ನಾನು ಎದುರು ಸಿಕ್ಕವರಿಗೆಲ್ಲ ಆ ಸುದ್ದಿ ಹೇಳಿಕೊಂಡು ತಿರುಗಿದ್ದೆ. ನಮ್ಮ ಮಲೆನಾಡಿನದೇ ಅಂಗಳ, ನಮ್ಮದೇ ಮಳೆ, ನಮ್ಮದೇ ಮಾತು. ಅಜ್ಜಿಗೆ ಇಷ್ಟವಾಗದೆ ಇರಲು ಸಾಧ್ಯವೇ ಇಲ್ಲ ಎಂದುಕೊಂಡಿದ್ದೆ. ಲ್ಯಾಪ್‌ಟಾಪನ್ನು ಅವಳ ಮಂಚದ ಮುಂದೆ ಸ್ಟೂಲಿನ ಮೇಲಿಟ್ಟೆ.

‘ಎಂತ ಕಥೆನೇ ಇದು?’ ಎಂದು ಕೇಳಿದಳು.

‘ನೋಡು ಅಜ್ಜಿ, ಗೊತ್ತಾಗತ್ತೆ’ ಎಂದೆ.

ಚಿತ್ರ ನೋಡದವರಿಗಾಗಿ ಎರಡು ಮಾತು. ವೇದಪಾಠದ ಮನೆಯೊಂದಕ್ಕೆ ನಾಣಿ ಎಂಬ ಪುಟ್ಟ ಹುಡುಗ ಕಲಿಯಲು ಬರುತ್ತಾನೆ. ಗುರುಗಳ ಮಗಳು ಯಮುನಾ ಚಿಕ್ಕ ವಯಸ್ಸಿನ ವಿಧವೆ. ಅವಳು ಬಸುರಾಗುತ್ತಾಳೆ. ಕೊನೆಗೆ ಅವಳನ್ನು ಜಾತಿಯಿಂದ ಹೊರಗಿಟ್ಟು, ಬದುಕಿರುವವಳಿಗೇ ಶ್ರಾದ್ಧ ಮಾಡುತ್ತಾರೆ. ಎಲ್ಲವನ್ನೂ ಕಂಡೂ ಪೂರ್ತಿ ಅರ್ಥವಾಗದ ನಾಣಿಯನ್ನು ಅವನ ಅಪ್ಪ ಬಂದು ಕರೆದುಕೊಂಡು ಹೋಗುತ್ತಾನೆ.

ಅಜ್ಜಿ ಚಿತ್ರವನ್ನು ಕೊನೆಯ ತನಕ ನೋಡಿದಳು. ನಾನು ಎಂದಿನಂತೆ ಅವಳ ಮುಖ ನೋಡುತ್ತಿದ್ದೆ. ಅಲ್ಲಿ ನಾನು ಕಾದದ್ದು ಯಾವುದೂ ಕಾಣಲಿಲ್ಲ. ಮುಗಿದ ಮೇಲೆ ಅವಳು ಕೇಳಿದ್ದು ಯಮುನಾಳ ಬಗ್ಗೆಯೂ ಅಲ್ಲ.

‘ಆ ಮಾಣಿ ಆಮೇಲೆ ಎಂತಾದ?’

ನನ್ನಲ್ಲಿ ಉತ್ತರ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಇದನ್ನ ಎಂತಕ್ಕೆ ತೋರ್ಸಿದೆ ನಂಗೆ?’ ಎಂದಳು.

ಮುಂದಿನ ಎರಡು ದಿನ ತುಂಡುತುಂಡಾಗಿ ಹೇಳಿದಳು. ಅವಳ ತವರಿನಲ್ಲಿ ಒಬ್ಬ ಚಿಕ್ಕಮ್ಮ ಇದ್ದಳಂತೆ, ಗಂಡ ಸತ್ತವಳು. ಒಂದು ದಿನ ಮಕ್ಕಳನ್ನೆಲ್ಲ ಪಕ್ಕದ ಮನೆಗೆ ಕಳಿಸಿದರು. ಸಂಜೆ ವಾಪಸು ಬಂದಾಗ ಚಿಕ್ಕಮ್ಮ ಇರಲಿಲ್ಲ. ಆಮೇಲೆ ಆ ಹೆಸರನ್ನೇ ಯಾರೂ ಎತ್ತಲಿಲ್ಲ. ಒಂದೆರಡು ವರ್ಷದ ನಂತರ ತೇರಿನ ಜನದಲ್ಲಿ ಚಿಕ್ಕಮ್ಮ ಇವಳನ್ನು ಗುರುತಿಸಿ ಕೈ ಮಾಡಿ ಕರೆದಳಂತೆ. ‘ನಾ ಮಾತಾಡ್ಸ್ಲಿಲ್ಲ. ಓಡಿ ಬಂದೆ.’ ಅಜ್ಜಿಗೆ ಈಗ 83. ಆಗ ಎಂಟೋ ಒಂಬತ್ತೋ. ಈ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ನಾನು ಹಾಸ್ಟೆಲಿಗೆ ಮರಳಿದ ವಾರ ಅಮ್ಮ ಫೋನು ಮಾಡಿದರು. ‘ಅಜ್ಜಿ ರಾತ್ರಿ ಎದ್ದು ಕೂತಿರ್ತಾರೆ. ಈ ವಯಸ್ಸಲ್ಲಿ ಅವರಿಗೆ ಇದೆಲ್ಲ ಎಂತಕ್ಕೆ ಬೇಕಿತ್ತು?’

ನಾನು ಸಂಶೋಧನೆ ಮಾಡುತ್ತಿರುವುದು ಕಾವ್ಯಮೀಮಾಂಸೆಯಲ್ಲಿ, ಸಹೃದಯ ಎಂಬ ಕಲ್ಪನೆಯ ಮೇಲೆ. ಹಾಗಾಗಿ ಮೊದಲು ನೆನಪಾದದ್ದು ಅಭಿನವಗುಪ್ತ. ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ ಅವನು ರಸಾನುಭವಕ್ಕೆ ಅಡ್ಡ ಬರುವ ಏಳು ವಿಘ್ನಗಳನ್ನು ಹೇಳುತ್ತಾನೆ. ಅವುಗಳಲ್ಲಿ ಒಂದು, ನೋಡುವವನು ತನ್ನದೇ ಸುಖದುಃಖಗಳಲ್ಲಿ ಮುಳುಗಿ ಪರವಶನಾಗುವುದು. ಮನಸ್ಸನ್ನು ಅದರಿಂದ ಬಿಡಿಸಲೆಂದೇ ವಾದ್ಯ, ಗೀತ, ರಂಗಮಂಟಪದ ಅಲಂಕಾರಗಳು ಇರುವುದು. ನಾನು ಟಿಪ್ಪಣಿ ಮಾಡಿಕೊಂಡು, ಸೆಮಿನಾರಿನಲ್ಲಿ ಓದಿ, ಚಪ್ಪಾಳೆ ಗಿಟ್ಟಿಸಿದ ಮಾತು ಇದು. ಈ ಲೆಕ್ಕದಲ್ಲಿ ಅಜ್ಜಿಗೆ ರಸಾನುಭವ ಆಗಲಿಲ್ಲ. ಅವಳ ಚಿಕ್ಕಮ್ಮ ಅಡ್ಡ ಬಂದಳು.

ಶಾಸ್ತ್ರದ ಮಾತು ಸುಳ್ಳಲ್ಲ. ಸ್ವಂತ ಗಾಯ ತೆರೆದುಕೊಂಡಾಗ ಕಲೆ ಕಾಣುವುದಿಲ್ಲ, ಗಾಯ ಕಾಣುತ್ತದೆ. ಆದರೆ ಯಾವುದಕ್ಕೆ ಯಾವುದು ವಿಘ್ನ ಎಂದು ನಾನು ಕೇಳಿಕೊಳ್ಳಬೇಕಾಯಿತು. ಮುಕ್ಕಾಲು ಶತಮಾನ ಒಬ್ಬಳೇ ಹೊತ್ತ ನೆನಪು, ನನ್ನ ಮೆಚ್ಚಿನ ಚಿತ್ರಕ್ಕೆ ಅಡ್ಡಿಯಾಯಿತು ಎಂದು ಬರೆಯಲು ನನ್ನ ಕೈ ಓಡಲಿಲ್ಲ. ಅಭಿನವಗುಪ್ತ ವಿಘ್ನ ಎಂದದ್ದು ರಸದ ದೃಷ್ಟಿಯಿಂದ. ತೋರಿಸುವವಳಿಗೆ ಇನ್ನೊಂದು ದೃಷ್ಟಿಯೂ ಇರಬೇಕು: ಎದುರಿಗಿರುವುದು ಪ್ರೇಕ್ಷಕಿ ಮಾತ್ರವಲ್ಲ, ಒಬ್ಬ ಮನುಷ್ಯಳು.

ನನ್ನ ತಪ್ಪು ದುಃಖದ ಚಿತ್ರ ತೋರಿಸಿದ್ದಲ್ಲ ಎಂದು ಈಗ ಅನ್ನಿಸುತ್ತದೆ. ಹಾಗೆ ಹೆದರಿದರೆ ಮುದುಕರಿಗೆ ಭಕ್ತಿಚಿತ್ರ, ಮಕ್ಕಳಿಗೆ ಕಾರ್ಟೂನು ಬಿಟ್ಟು ಬೇರೇನೂ ತೋರಿಸುವಂತಿಲ್ಲ. ಅದೂ ಒಂದು ಬಗೆಯ ತಾತ್ಸಾರವೇ. ತಪ್ಪಿದ್ದು ‘ಎಂತ ಕಥೆ’ ಎಂದು ಅವಳು ಕೇಳಿದಾಗ ನಾನು ಹೇಳದೆ ಇದ್ದದ್ದರಲ್ಲಿ. ಕಥೆ ಮೊದಲೇ ಹೇಳಬಾರದು ಎಂಬುದನ್ನು ನಾವು ಸಿನಿಮಾದವರು ಒಂದು ಧರ್ಮದ ಹಾಗೆ ಪಾಲಿಸುತ್ತೇವೆ. ಆದರೆ ನಮ್ಮೂರಿನಲ್ಲಿ ಕೀಚಕವಧೆಯ ಆಟಕ್ಕೆ ಬಂದು ಕೂತವರಲ್ಲಿ ಕೀಚಕ ಸಾಯುತ್ತಾನೆಂದು ಗೊತ್ತಿಲ್ಲದವರು ಯಾರೂ ಇರುವುದಿಲ್ಲ. ಗೊತ್ತಿದ್ದೂ ಬೆಳಗಿನ ತನಕ ಕೂರುತ್ತಾರೆ. ಕಥೆ ತಿಳಿದರೆ ಕೆಡುವುದು ಚಿತ್ರಕ್ಕಿಂತ ಹೆಚ್ಚಾಗಿ ತೋರಿಸುವವಳ ಖುಷಿ. ನನಗೆ ಬೇಕಿದ್ದದ್ದು ಅಜ್ಜಿಯ ಮುಖದ ಮೇಲೆ ನನ್ನ ಮೊದಲ ನೋಟ ಮತ್ತೊಮ್ಮೆ ಮೂಡುವುದು. ಇದೇ ಕಾಂಟ್ ಐದು ವರ್ಷ ಮುಂಚೆ, 1785ರಲ್ಲಿ, ಮನುಷ್ಯರನ್ನು ಬರಿಯ ಸಾಧನವಾಗಿ ಬಳಸಬಾರದು ಎಂದು ಬರೆದಿದ್ದ. ಅವನ ಒಂದು ಪುಸ್ತಕದಿಂದ ‘ನೋಡಲೇಬೇಕು’ ಎಂಬುದಕ್ಕೆ ಸಮರ್ಥನೆ ತೆಗೆದುಕೊಂಡವಳು ಇನ್ನೊಂದನ್ನು ಮರೆತಿದ್ದೆ.

ಹಾಗಾದರೆ ಪ್ರೀತಿಯಿಂದ ತೋರಿಸುವುದು ಹೇಗೆ? ಉತ್ತರಕ್ಕೆ ದೂರ ಹೋಗಬೇಕಿಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಶುರುವಾದ ನೀನಾಸಮ್, 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿತು. ಕೆ.ವಿ. ಸುಬ್ಬಣ್ಣನವರ ಒತ್ತಾಸೆ, ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ಪಿ.ಕೆ. ನಾಯರ್ ಅವರ ನೆರವು. ಅಡಿಕೆ ತೋಟದ ಜನ ಕುರೊಸಾವಾನ, ಡಿ ಸಿಕಾನ ಚಿತ್ರಗಳನ್ನು ನೋಡಿದರು. ನಾಯರ್ ಅವರನ್ನು ಕುರಿತ ‘ಸೆಲ್ಯುಲಾಯ್ಡ್ ಮ್ಯಾನ್’ ಎಂಬ 2012ರ ಸಾಕ್ಷ್ಯಚಿತ್ರದಲ್ಲಿ ಹೆಗ್ಗೋಡಿನ ಆ ನೆನಪುಗಳಿವೆ. ‘ಹಳ್ಳಿಯವರಿಗೆ ಇದು ಅರ್ಥವಾಗುವುದಿಲ್ಲ’ ಎಂದು ಅವರು ಮೊದಲೇ ತೀರ್ಮಾನಿಸಲಿಲ್ಲ ಎಂಬುದನ್ನು ನಾವೆಲ್ಲ ಹೊಗಳುತ್ತೇವೆ. ನನಗೆ ಈಗ ಅಷ್ಟೇ ಮುಖ್ಯವಾಗಿ ಕಾಣುವುದು ಅಲ್ಲಿನ ರಸಗ್ರಹಣ ಶಿಬಿರಗಳು, ಚಿತ್ರದ ಸುತ್ತ ನಡೆಯುತ್ತಿದ್ದ ಮಾತುಕತೆಗಳು. ತೋರಿಸಿದವರು ಎದ್ದು ಹೋಗಲಿಲ್ಲ, ಕೂತು ಕೇಳಿಸಿಕೊಂಡರು. ನೋಡಿದವರು ತಂದದ್ದಕ್ಕೂ ಅಲ್ಲಿ ಜಾಗ ಇತ್ತು.

ಶನಿವಾರದ ಸಿನಿಮಾ ಈಗಲೂ ನಡೆಯುತ್ತಿದೆ. ಈಗ ಚಿತ್ರದಲ್ಲಿ ಏನಿದೆ ಎಂದು ಮೊದಲೇ ಹೇಳುತ್ತೇನೆ. ಕಳೆದ ತಿಂಗಳು ಒಂದು ಚಿತ್ರದ ಕಥೆ ಕೇಳಿ ಜೂನಿಯರ್ ಹುಡುಗಿಯೊಬ್ಬಳು ‘ನಾನು ಇವತ್ತು ಬರಲ್ಲ ಅಕ್ಕ’ ಎಂದಳು. ಯಾಕೆ ಎಂದು ಕೇಳಲು ಬಾಯಿಗೆ ಬಂದಿತ್ತು, ಕೇಳಲಿಲ್ಲ. ಅವತ್ತು ನಾನೂ ಬಹಳ ದಿನದ ಮೇಲೆ ಪಕ್ಕದವರನ್ನು ಬಿಟ್ಟು ಗೋಡೆಯ ಕಡೆ ನೋಡಿದೆ.

ಅಜ್ಜಿಗೆ ತೋರಿಸಿದ್ದು ಸರಿಯೋ ತಪ್ಪೋ ಇನ್ನೂ ತೀರ್ಮಾನವಾಗಿಲ್ಲ. ಅಮ್ಮನ ಸಿಟ್ಟು ನ್ಯಾಯವಾದದ್ದು. ಅಜ್ಜಿ ಮಾತ್ರ ಈಗ ಫೋನಿನಲ್ಲಿ ಆಗಾಗ ಚಿಕ್ಕಮ್ಮನ ಬಗ್ಗೆ ಹೇಳುತ್ತಾಳೆ. ಅವಳು ಜಡೆ ಹೆಣೆಯುತ್ತಿದ್ದದ್ದು, ಮಜ್ಜಿಗೆಗೆ ಲಿಂಬೆ ಎಲೆ ಹಾಕುತ್ತಿದ್ದದ್ದು. ಈ ಬರಹವನ್ನು ಕಳಿಸುವ ಮೊದಲು ಅಜ್ಜಿಗೆ ಓದಿ ಹೇಳಿದೆ. ‘ಇರ್ಲಿ ಬಿಡು’ ಎಂದಳು. ಚಿಕ್ಕಮ್ಮನ ಹೆಸರು ಬರೆಯಲೇ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೆಸರು ಬೇಡ’ ಎಂದಳು. ಬರೆದಿಲ್ಲ.