ಕೂಲಿಯ ಸಾಲಿನಲ್ಲಿ ಅಡಗಿದ ಬಂಡವಾಳ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಯಾರನ್ನೇ ಆಸ್ತಿ ಎಷ್ಟೆಂದು ಕೇಳಿ, ಎಕರೆ, ಮರ, ಕ್ವಿಂಟಲ್ ಲೆಕ್ಕ ಹೇಳುತ್ತಾರೆ. ಅಡಿಕೆ ಕೊನೆ ಇಳಿಸುವ ಕೊನೆಗಾರ ಆ ಲೆಕ್ಕಕ್ಕೆ ಬರುವುದು ಖರ್ಚಿನ ಸಾಲಿನಲ್ಲಿ ಮಾತ್ರ. ಕೆಳಗಿಳಿಯದೆ ಮರದಿಂದ ಮರಕ್ಕೆ ದಾಟುವ ಅವನ ಚುರುಕು ಎಲ್ಲರಿಗೂ ಕಾಣುತ್ತದೆ. ಯಾವ ಕೊನೆ ಇವತ್ತು ಇಳಿಯಬೇಕು, ಯಾವುದು ಇನ್ನೊಂದು ವಾರ ಇರಲಿ ಎಂಬ ಅವನ ತೀರ್ಮಾನ ಕಾಣುವುದಿಲ್ಲ. ಹದದಲ್ಲಿ ಇಳಿದ ಅಡಿಕೆಯ ದರ್ಜೆ ಸರಕು, ಬೆಟ್ಟೆ, ರಾಶಿ. ಹದ ಮೀರಿದ್ದು ಗೋಟು. ಮಂಡಿಯಲ್ಲಿ ಇವುಗಳ ದರದ ನಡುವೆ ಇರುವ ಅಂತರದಲ್ಲಿ ಒಂದು ಪಾಲು ಆ ಕಣ್ಣಿನ ಗಳಿಕೆ.

ಅರ್ಥಶಾಸ್ತ್ರಜ್ಞ ಥಿಯೊಡೋರ್ ಶುಲ್ಟ್ಜ್ 1960ರಲ್ಲೇ ವಾದಿಸಿದ್ದು ಇದನ್ನೇ: ಕಲಿಕೆಗೆ ಹಾಕಿದ ಹಣವೂ ಹೊತ್ತೂ ಬಂಡವಾಳ. 1979ರಲ್ಲಿ ಅವರಿಗೆ ನೊಬೆಲ್ ಬಂತು. ನಮ್ಮ ಮಲೆನಾಡಿಗೆ ಈ ಮಾತು ಶುಲ್ಟ್ಜ್ ಅವರಿಗಿಂತ ಮೊದಲೇ ಅನುಭವಕ್ಕೆ ಬಂದಿತ್ತು. ಅಡಿಕೆಯ ಕೊಳೆರೋಗ ತಡೆಯಲು ಕೊನೆಗಳಿಗೆ ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದ ಕಾಲದಲ್ಲಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ರೂಢಿಗೆ ತಂದರು. ಮೈಲುತುತ್ತ, ಸುಣ್ಣ, ನೀರು, ಮೂರೂ ಅಂಗಡಿಯಲ್ಲೋ ಹಳ್ಳದಲ್ಲೋ ಸಿಗುವಂಥವು. ಹೊಸದಾಗಿ ಬಂದದ್ದು ತಿಳಿವಳಿಕೆ ಮಾತ್ರ. ಅದು ಇಲ್ಲಿಯವರೆಗೆ ಉಳಿಸಿಕೊಟ್ಟ ಫಸಲು ಎಷ್ಟೋ.

ಅಷ್ಟಾದರೂ 'ಮದ್ದು ಹೊಡೆಸಿದ್ದೇನೆ' ಎಂದು ನಿಶ್ಚಿಂತರಾಗಿ ಕೂರುವ ತೋಟದವರು ಬಹಳ ಮಂದಿ. ತಲಾ ಒಂದು ಕಿಲೋ ತುತ್ತ, ಸುಣ್ಣ, ನೂರು ಲೀಟರ್ ನೀರು ಎಂದು ಬಾಯಿಪಾಠ ಒಪ್ಪಿಸುತ್ತಾರೆ. ದ್ರಾವಣದಲ್ಲಿ ಹೊಳೆಯುವ ಕತ್ತಿ ಅದ್ದಿ, ಅದಕ್ಕೆ ಕೆಂಪು ಹಿಡಿದರೆ ಸುಣ್ಣ ಇನ್ನೂ ಬೇಕು ಎಂದು ನೋಡುವವರು ಎಷ್ಟು ಮಂದಿ? ಬೆರೆಸಿದ್ದನ್ನು ಅಂದೇ ಮುಗಿಸಬೇಕು, ಕಬ್ಬಿಣದ ಪಾತ್ರೆ ಕೂಡದು, ಏಕೆ? ನಮಗೆ ಬೇಕಾದ ಅಭ್ಯಾಸ ಈ 'ಏಕೆ'. ಕೆಲಸ ನಾವು ಮಾಡದಿದ್ದರೂ ಆಗುತ್ತದೆ. ಒಂದು ಮಳೆಗಾಲ ಮದ್ದು ಕಲಸುವವನ ಪಕ್ಕದಲ್ಲಿ ನಿಂತು ಕಾರಣ ಕೇಳಿಕೊಂಡರೆ ಸಾಕು.

'ಕೊನೆಗಾರರೇ ಸಿಗೋದಿಲ್ಲ ಮಾರಾಯ' ಎಂಬ ದೂರು ಪ್ರತಿ ಸುಗ್ಗಿಯಲ್ಲೂ ಕೇಳುತ್ತೇವೆ. ಜೀವ ಒತ್ತೆಯಿಟ್ಟು ಕಲಿತ ಕಸುಬಿಗೆ ಮರ್ಯಾದೆಯೂ ವಿಮೆಯೂ ಇಲ್ಲದಿದ್ದರೆ ಕೊನೆಗಾರ ತಾನೇ ಮಗನಿಗೆ ಏಕೆ ಕಲಿಸಿಯಾನು?

ಈಗ ಕಾರ್ಬನ್ ಫೈಬರ್ ದೋಟಿ ಬಂದಿದೆ; ನೆಲದಲ್ಲೇ ನಿಂತು ಮದ್ದು ಹೊಡೆಯಬಹುದು, ಕೊನೆ ಇಳಿಸಬಹುದು. ಕಲಿತ ಹುಡುಗರಿಗೆ ಊರಲ್ಲೇ ಸಂಪಾದನೆಗೆ ದಾರಿ. ಆದರೆ ಹದ ನೋಡುವ ಕಣ್ಣು ದೋಟಿಯ ಜೊತೆಗೆ ಬರುವುದಿಲ್ಲ. ಕೊಳ್ಳುವ ಮೊದಲು, ಮೊಣಕಾಲು ನೋವಿನಿಂದ ಮರ ಹತ್ತುವುದು ಬಿಟ್ಟ ಹಿರಿಯ ಕೊನೆಗಾರರೊಬ್ಬರನ್ನು ಒಂದು ಸುಗ್ಗಿಯುದ್ದಕ್ಕೂ ತೋಟಕ್ಕೆ ಕರೆತನ್ನಿ. ಮರದ ಬುಡದಲ್ಲಿ ನಿಂತು 'ಇದು ಬೆಟ್ಟೆಗೆ, ಅದು ಇರಲಿ' ಎಂದು ಅವರು ತೋರಿಸಲಿ. ಆ ದಿನಗಳಿಗೆ ಮರ ಹತ್ತುವವನಿಗೆ ಕೊಡುವಷ್ಟೇ ಸಂಬಳ ಕೊಡಿ.