ಮನೆಯೊಡೆಯನೂ ಒಕ್ಕಲೇ

ಕನ್ನಡ ನುಡಿಯಲ್ಲಿ 'ಒಕ್ಕಲು' ಎಂಬುದು ಬಹು ಅರ್ಥಗರ್ಭಿತವಾದ ಮಾತು. ಒಡೆಯನ ನೆಲದಲ್ಲಿ ನೆಲೆನಿಂತು ದುಡಿಯುವವನು ಒಕ್ಕಲು. ಮಠಕ್ಕೆ ನಡೆದುಕೊಳ್ಳುವ ಮನೆತನದವರು ಮಠದ ಒಕ್ಕಲು. ಮೈಸೂರು ಸೀಮೆಯಲ್ಲಿ ಸ್ವಂತ ಹಣದಿಂದ ಕಟ್ಟಿಸಿದ ಹೊಸ ಮನೆಯ ಪ್ರವೇಶವನ್ನೂ 'ಮನೆ ಒಕ್ಕಲು' ಎಂದೇ ಕರೆಯುವರು. ಕಲ್ಲು ಅವನದು, ಮರ ಅವನದು, ಪತ್ರವೂ ಅವನ ಹೆಸರಿನಲ್ಲಿಯೇ ಇರುವುದು. ಆದರೂ ಆ ದಿನ ಅವನು ಒಡೆಯನಾದನೆಂದು ಯಾರೂ ಹೇಳುವುದಿಲ್ಲ, ಒಕ್ಕಲಾದನೆಂದೇ ಹೇಳುವರು. ಶರಣರು ತಿಳಿಸಿದ ತತ್ತ್ವವನ್ನೇ ನಮ್ಮ ತಾಯಂದಿರ ಆಡುನುಡಿಯೂ ತಿಳಿಸುತ್ತಿದೆ. ಒಡೆಯನು ಒಬ್ಬನೇ, ಉಳಿದವರೆಲ್ಲರೂ ಒಕ್ಕಲು. ಈ ಅರಿವು ಮರೆತುಹೋದರೆ ಏನಾಗುವುದೆಂಬುದನ್ನು ಕಾಣಬೇಕಾದರೆ, ಬೆಂಗಳೂರಿನಲ್ಲಿ ಬಾಡಿಗೆಯ ಮನೆಯನ್ನು ಅರಸುವವನ ಹಿಂದೆ ಒಂದು ದಿನ ನಡೆದರೆ ಸಾಕು.

ಬೆಂಗಳೂರು ಇಂದು ಕೋಟಿಗೂ ಮೀರಿದ ಜನರ ನಗರ. ಕಾಯಕವನ್ನು ಅರಸಿ ನಾಡಿನ ಎಲ್ಲ ಮೂಲೆಗಳಿಂದಲೂ ಜನರು ಇಲ್ಲಿಗೆ ಬರುವರು. ಬಂದವನು ಮೊದಲು ಮಾಡಬೇಕಾದುದು ತಲೆಯ ಮೇಲೊಂದು ಸೂರಿನ ಚಿಂತೆ. ಅವನು ಮೊಬೈಲಿನಲ್ಲಿ ಹುಡುಕುವನು, ದಳ್ಳಾಳಿಯನ್ನು ಕಾಣುವನು, ಬೀದಿಬೀದಿ ಅಲೆದು ಗೇಟಿಗೆ ತೂಗುಹಾಕಿದ ಫಲಕಗಳನ್ನು ಓದುವನು. ದಳ್ಳಾಳಿಗೆ ಸಾಮಾನ್ಯವಾಗಿ ಒಂದು ತಿಂಗಳ ಬಾಡಿಗೆ ಸಲ್ಲಬೇಕು. ಮನೆಯೊಡೆಯನಿಗೆ ಬಹುಕಾಲದ ರೂಢಿಯಂತೆ 10 ತಿಂಗಳ ಬಾಡಿಗೆಯಷ್ಟು ಮುಂಗಡ. ಈಚೆಗೆ ಕೆಲವೆಡೆ ಅದು ಐದಾರು ತಿಂಗಳಿಗೆ ಇಳಿದಿರುವುದುಂಟು. ಕರಾರುಪತ್ರವನ್ನು 11 ತಿಂಗಳಿಗೆ ಬರೆಯುವರು. ವರ್ಷವನ್ನು ಮೀರಿದ ಗೇಣಿಪತ್ರವನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಲೇಬೇಕಾದುದು ಇದಕ್ಕೆ ಕಾರಣ. ಕಾವೇರಿ ನೀರು ಬರುವುದೋ, ಕೊಳವೆಬಾವಿಯನ್ನೇ ನಂಬಬೇಕೋ, ಟ್ಯಾಂಕರನ್ನು ಕರೆಸಬೇಕೋ ಎಂಬುದು ಬಾಡಿಗೆದಾರನು ಕೇಳುವ ಪ್ರಶ್ನೆ. 2024ರ ಬೇಸಗೆಯ ನೀರಿನ ಬವಣೆಯನ್ನು ಕಂಡವರು ಇದನ್ನೇ ಮೊದಲು ಕೇಳುವರು. ಇವೆಲ್ಲವೂ ಲೋಕವ್ಯವಹಾರ, ಇವುಗಳಲ್ಲಿ ದೋಷವಿಲ್ಲ. ಆದರೆ ಬಾಗಿಲಿನ ಒಳಗಿನಿಂದ ಬರುವ ಪ್ರಶ್ನೆಯೊಂದುಂಟು. ಅದನ್ನು ಕುರಿತೇ ಇಲ್ಲಿ ವಿಚಾರ ಮಾಡತಕ್ಕದ್ದು.

ಒಂದು ದೃಷ್ಟಾಂತವನ್ನು ನೋಡಬಹುದು. ಯಾದಗಿರಿ ಸೀಮೆಯ ತರುಣನೊಬ್ಬನಿಗೆ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ದೊರೆಯಿತು. ಊರಿನಲ್ಲಿ ಒಬ್ಬಳೇ ಇರುವ ತಾಯಿಗೆ ಕಣ್ಣು ಮಂಜಾಗಿದೆ. ಅವಳನ್ನು ಕರೆತಂದು ಚಿಕಿತ್ಸೆ ಮಾಡಿಸಬೇಕು. ಅದಕ್ಕೆ ಮನೆ ಬೇಕು. ರಾಜಾಜಿನಗರದ ಮನೆಯೊಂದರ ಮೇಲಂತಸ್ತು ಅವನಿಗೆ ಒಪ್ಪಿಗೆಯಾಯಿತು. ಮನೆಯೊಡೆಯರು ಪ್ರಾತಃಕಾಲದಲ್ಲಿ ಲಿಂಗಪೂಜೆಯನ್ನು ತಪ್ಪಿಸದ ಸದ್ಭಕ್ತರು, ನಿವೃತ್ತ ಅಧಿಕಾರಿಗಳು. ಬಾಡಿಗೆಯ ಮಾತಾಯಿತು, ಮುಂಗಡದ ಮಾತಾಯಿತು. ಕೊನೆಗೆ ಅವರು ಮೆಲ್ಲನೆ, "ಅದಿರಲಿ, ತಾವು ಯಾವ ಜನ?" ಎಂದು ಕೇಳಿದರು. ತರುಣನು ಸುಳ್ಳಾಡಬಹುದಾಗಿತ್ತು, ಆಡಲಿಲ್ಲ. ತನ್ನ ಕುಲವನ್ನು ಇದ್ದಂತೆ ತಿಳಿಸಿದನು. ಯಜಮಾನರು ಒಂದು ಗಳಿಗೆ ಸುಮ್ಮನಿದ್ದು, "ಬೇರೊಬ್ಬರು ನಿನ್ನೆಯೇ ಕೇಳಿ ಹೋಗಿದ್ದಾರೆ, ಮನೆಯಲ್ಲಿ ವಿಚಾರಿಸಿ ಹೇಳುತ್ತೇನೆ" ಎಂದರು. ಆ ವೇಳೆಯಲ್ಲಿ ಒಳಗೆ ಅವರ ಮೊಮ್ಮಗಳು ಶಾಲೆಯ ಸ್ಪರ್ಧೆಗಾಗಿ ಬಸವಣ್ಣನವರ ವಚನವೊಂದನ್ನು ಬಾಯಿಪಾಠ ಮಾಡುತ್ತಿದ್ದಳು. ಪರಕೀಯನೆಂದು ಬಗೆಯದೆ ಆತ್ಮೀಯನೆಂದು ಸ್ವೀಕರಿಸಬೇಕೆಂದು ಕೂಡಲಸಂಗಮನಲ್ಲಿ ಬೇಡಿಕೊಂಡ ಆ ವಚನವನ್ನು ಅರಿಯದ ಕನ್ನಡಿಗನಿಲ್ಲ. ತರುಣನು ಮೆಟ್ಟಿಲಿಳಿಯುತ್ತ ಅದನ್ನು ಕೇಳಿದನು. ಅವನೂ ತನ್ನೂರಿನ ಶಾಲೆಯಲ್ಲಿ ಅದನ್ನು ಕಲಿತಿದ್ದನು.

ಈಗ ಒಂದು ಪ್ರಶ್ನೆ ಏಳುವುದು. ಆ ದಿನ ಆ ವಚನವು ಯಾರ ಬಾಯಲ್ಲಿ ಸಲ್ಲುತ್ತಿತ್ತು? ನಾವು ಸಾಮಾನ್ಯವಾಗಿ ಅದನ್ನು ಮನೆಯೊಳಗೆ ಕುಳಿತವನಿಗೆ ಹೇಳಿದ ಔದಾರ್ಯದ ಉಪದೇಶವೆಂದು ಓದುವೆವು. ಆದರೆ ವಚನದ ಭಾವವನ್ನು ಎಚ್ಚರದಿಂದ ಪರಿಶೀಲಿಸಿದರೆ ಅಲ್ಲಿ ಬೇಡುತ್ತಿರುವವನು ಬಾಗಿಲಿನ ಹೊರಗೆ ನಿಂತಿದ್ದಾನೆ. ತನ್ನನ್ನು ಯಾರವನೆಂದು ಕೇಳಿ ಹೊರಗಿಡಬೇಡ ಎಂಬುದು ಅವನ ಮೊರೆ. ಮೊರೆಯಿಟ್ಟವರು ಯಾರು? ಬಿಜ್ಜಳರಾಯನ ಭಂಡಾರದ ಬೀಗದ ಕೈಯನ್ನು ಹಿಡಿದಿದ್ದ ಬಸವಣ್ಣನವರು! ಕಲ್ಯಾಣದ ಮಹಾಮನೆಯ ಯಜಮಾನರು ಸ್ವತಃ ಹೊಸ್ತಿಲಿನ ಹೊರಗೆ ನಿಂತು ತಮಗೆ ಎಡೆಯನ್ನು ಬೇಡಿದರು. ತಾನು ಹೊರಗೆ ನಿಂತು ಬೇಡಿದವನಿಗೆ ಮಾತ್ರವೇ ಹೊರಗೆ ನಿಂತವನ ಸಂಕಟ ತಿಳಿಯುವುದು. ಬಾಗೇವಾಡಿಯಲ್ಲಿ ಹುಟ್ಟಿದ ಮನೆಯನ್ನು ಬಿಟ್ಟು ಸಂಗಮಕ್ಕೆ ಬಂದು, ಅಲ್ಲಿಂದ ಪರಸ್ಥಳಗಳಿಗೆ ತೆರಳಿದ ಮಹಾತ್ಮರಿಗೆ ಅದು ತಿಳಿಯದೆ ಇದ್ದೀತೆ?

ಹನ್ನೆರಡನೆಯ ಶತಮಾನದ ಕಲ್ಯಾಣವೂ ಬಂದವರ ನಗರವೇ ಆಗಿತ್ತು. ಬಳ್ಳಿಗಾವೆಯಿಂದ ಅಲ್ಲಮಪ್ರಭುಗಳು, ಉಡುತಡಿಯಿಂದ ಅಕ್ಕಮಹಾದೇವಿ, ಮಾಳವದಿಂದ ಡೋಹರ ಕಕ್ಕಯ್ಯನವರು, ಕಾಶ್ಮೀರದಿಂದ ಮೋಳಿಗೆಯ ಮಾರಯ್ಯನವರು ಬಂದರೆಂದು ಪರಂಪರೆಯು ಹೇಳುವುದು. ಇವರೆಲ್ಲರಿಗೂ ಆ ನಗರದಲ್ಲಿ ಉಳಿಯಲು ಎಡೆ ಬೇಕಾಗಿತ್ತು. ಅನುಭವಮಂಟಪದ ಬಾಗಿಲಿನಲ್ಲಿ ಪ್ರಶ್ನೆಯೇ ಇರಲಿಲ್ಲವೆಂದಲ್ಲ. ಅಕ್ಕನು ಬಂದಾಗ ಪ್ರಭುದೇವರು ಆಕೆಯನ್ನು ಕಠಿನವಾಗಿಯೇ ಪರೀಕ್ಷಿಸಿದರೆಂದು ಶೂನ್ಯಸಂಪಾದನೆಯಿಂದ ತಿಳಿದುಬರುವುದು. ಆದರೆ ಅಲ್ಲಿ ಒರೆಗಲ್ಲಿಗೆ ಹಚ್ಚಿದುದು ಆಕೆಯ ವೈರಾಗ್ಯವನ್ನು, ಅನುಭಾವವನ್ನು, ಹುಟ್ಟನ್ನಲ್ಲ.

'ಮನೆ ನಮ್ಮದು, ಎಚ್ಚರಿಕೆ ಬೇಡವೆ?' ಎಂದು ಕೇಳುವವರುಂಟು. ಬೇಕು. ಬಂದವನ ಕಾಯಕವೇನು, ಬಾಡಿಗೆಯನ್ನು ಹೊತ್ತಿಗೆ ಕೊಡಬಲ್ಲನೆ, ಎಷ್ಟು ಮಂದಿ ಇರುವರು, ಹಿಂದಿನ ಮನೆಯಲ್ಲಿ ಹೇಗೆ ನಡೆದುಕೊಂಡನು ಎಂದು ವಿಚಾರಿಸುವುದು ಗೃಹಸ್ಥನ ವಿವೇಕ. ಇದು ನಡೆಯನ್ನು ಕೇಳುವ ಪ್ರಶ್ನೆ. ಇದಕ್ಕೆ ಮನುಷ್ಯನು ತನ್ನ ನಡೆಯಿಂದ ಉತ್ತರ ಕೊಡಬಲ್ಲನು. ಹುಟ್ಟನ್ನು ಕೇಳಿದರೆ ಅವನು ಏನು ಮಾಡಬಲ್ಲನು? ಹುಟ್ಟು ಅವನ ಗಳಿಕೆಯಲ್ಲ, ಅವನ ತಪ್ಪೂ ಅಲ್ಲ. ಆಹಾರದ ವಿಷಯದಲ್ಲಿಯೂ ಇದೇ ನ್ಯಾಯ. ಒಂದೇ ಸೂರಿನಡಿಯಲ್ಲಿ ಅಡುಗೆಯ ನಿಯಮವಿರಬೇಕೆಂದು ಭಕ್ತನು ಬಯಸಿದರೆ ಅದನ್ನು ಬಂದವರೆಲ್ಲರಿಗೂ ಒಂದೇ ರೀತಿಯಲ್ಲಿ ಮೊದಲೇ ಹೇಳಲಿ. ಒಪ್ಪಿದವನಿಗೆ ಬೀಗದ ಕೈಯನ್ನು ಕೊಡಲಿ. ಒಪ್ಪಿದ ಮೇಲೂ ಕೊಡದಿದ್ದರೆ ಅಡುಗೆಯ ಮಾತು ಕೇವಲ ತೆರೆ; ತೆರೆಯ ಹಿಂದಿರುವುದು ಕುಲದ ಪ್ರಶ್ನೆಯೇ. ಯಾರಿಗೆ ಮನೆ ಕೊಡಬೇಕೆಂಬುದನ್ನು ಲೋಕದ ಕಾನೂನು ಬಹುಮಟ್ಟಿಗೆ ಒಡೆಯನ ಇಚ್ಛೆಗೇ ಬಿಟ್ಟಿರಬಹುದು. ಆದರೆ ಲಿಂಗವನ್ನು ಧರಿಸಿದ ಎದೆಗೆ ಬೇರೊಂದು ಕಾನೂನು ಉಂಟು.

ಬಂದವನನ್ನು ಒಳಗೆ ಕರೆದರೆ ಧರ್ಮವು ಮುಗಿಯಲಿಲ್ಲ. ಅವನು ಹೊರಡುವ ದಿನವೂ ಅದು ಉಂಟು. ಮುಂಗಡವೆಂಬುದು ನಮ್ಮ ಹಿರಿಯರು 'ನಿಕ್ಷೇಪ'ವೆಂದು ಕರೆದ ವಸ್ತು. ಮನುಸ್ಮೃತಿಯು ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ ಸಾಲದ ಅನಂತರದ ಸ್ಥಾನವೇ ಅದರದು. ಕೊಟ್ಟವನದೇ ಅದರ ಸ್ವಾಮ್ಯ. ಪಡೆದವನು ಕಾವಲುಗಾರ ಮಾತ್ರ. ಕಟ್ಟಿದ ಮೊಳೆಗೊಂದು, ಕಲೆಗೊಂದು ಲೆಕ್ಕ ಹಿಡಿದು, ಬಳಿಯದ ಬಣ್ಣಕ್ಕೂ ಹಣವನ್ನು ಮುರಿದುಕೊಳ್ಳುವುದು ಕಾಯಕದ ಗಳಿಕೆಯಾಗಲಾರದು. ಆ ಹಣದಿಂದ ದಾಸೋಹವೂ ಸಲ್ಲಲಾರದು. 2021ರಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳ ಮುಂದಿಟ್ಟ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿನ ಮುಂಗಡ ಸಲ್ಲದೆನ್ನುವುದು. ರಾಜ್ಯವು ಅಂಗೀಕರಿಸಿದಲ್ಲಿ ಮಾತ್ರ ಅದಕ್ಕೆ ಬಲ. ಭಕ್ತನು ಸರ್ಕಾರದ ಅಂಗೀಕಾರಕ್ಕಾಗಿ ಏಕೆ ಕಾಯಬೇಕು? ಬಾಡಿಗೆಗೆ ಇರುವವನಿಗೂ ಧರ್ಮವುಂಟು. ಹೇಳಿದ ದಿನ ಬಾಡಿಗೆಯನ್ನು ಕೊಡುವುದು, ಪರರ ಗೋಡೆಯನ್ನು ತನ್ನದೆಂಬಂತೆ ಕಾಪಾಡುವುದು, ನೀರನ್ನು ಮಿತವಾಗಿ ಬಳಸುವುದು, ಬಿಡುವಾಗ ಮುಂಚಿತವಾಗಿ ತಿಳಿಸುವುದು, ಇವು ಅವನ ಸದಾಚಾರ.

ಈ ಮಾತು ನಮ್ಮ ಸಮಾಜಕ್ಕೆ ಹೊಸದಲ್ಲ. ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಪ್ರವಾಸಿಗರಿಗಾಗಿ ಛತ್ರವನ್ನು ಕಟ್ಟಿಸಿದ ಗುಬ್ಬಿ ತೋಟದಪ್ಪನವರು (1838–1910) ವ್ಯಾಪಾರದಿಂದ ಗಳಿಸಿದುದನ್ನು ಮುಖಪರಿಚಯವೂ ಇಲ್ಲದವರ ತಂಗುದಾಣಕ್ಕೆ ವಿನಿಯೋಗಿಸಿದರು. 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಎಲ್ಲ ಜಾತಿಮತಗಳ ಸಹಸ್ರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಆಶ್ರಯವನ್ನೂ ಕೊಟ್ಟರು. ಬಾಡಿಗೆಯನ್ನು ಪಡೆಯದೆ ಆಶ್ರಯ ಕೊಡುವುದು ಎಲ್ಲರಿಗೂ ಸಾಧ್ಯವಾಗದು. ಬಾಡಿಗೆಯನ್ನು ಪಡೆದಾದರೂ ಕುಲವನ್ನು ಕೇಳದೆ ಕೊಡುವುದು ಯಾವ ಗೃಹಸ್ಥನಿಗೆ ಅಸಾಧ್ಯ?

ಆ ಮೇಲಂತಸ್ತಿನ ಮನೆಯು ಮೂರು ತಿಂಗಳು ಖಾಲಿಯಿತ್ತು. ನೆಲದ ಮೇಲೆ ಧೂಳು ಕೂಡಿತು. ಅಷ್ಟು ದಿನವೂ ಕೆಳಗೆ ಪೂಜೆ ನಡೆಯಿತು, ವಚನಪಾಠವೂ ನಡೆಯಿತು. ಮನೆ ಮೇಲೆ ಬರಿದಾಗಿತ್ತೋ, ಕೆಳಗೆ ಬರಿದಾಗಿತ್ತೋ ಎಂಬುದನ್ನು ಅಂತರಂಗದ ಸಾಕ್ಷಿಯೇ ಹೇಳಬೇಕು.

ಈ ದೇಹವೂ ಬಾಡಿಗೆಯ ಮನೆಯೇ ಸರಿ. ಇದನ್ನು ಕೊಡುವಾಗ ಶಿವನು ಯಾರ ಕುಲವನ್ನೂ ಕೇಳಲಿಲ್ಲ, ಮುಂಗಡವನ್ನು ಪಡೆಯಲಿಲ್ಲ, ಹನ್ನೊಂದು ತಿಂಗಳ ಕರಾರನ್ನೂ ಬರೆಸಲಿಲ್ಲ. ಬಿಡೆಂದ ದಿನ ಮಾತ್ರ ಬಿಡಲೇಬೇಕು. ಆಗ ಇನ್ನೊಂದು ಬಾಗಿಲಿನ ಮುಂದೆ ನಿಂತು ಬಸವಣ್ಣನವರ ಆ ಮೊರೆಯನ್ನೇ ಪ್ರತಿಯೊಬ್ಬನೂ ಇಡಬೇಕಾಗುವುದು. ಇಂದು ತನ್ನ ಬಾಗಿಲಿನಲ್ಲಿ ನಿಂತವನನ್ನು ಯಾವ ಜನವೆಂದು ಕೇಳಿ ಕಳುಹಿಸಿದವನು, ಅಂದು ಆ ಮೊರೆಯನ್ನು ಯಾವ ಮುಖದಿಂದ ಇಡುವನು? ಭಕ್ತರು ಇದನ್ನು ಲಿಂಗದ ಸನ್ನಿಧಿಯಲ್ಲಿ ಕುಳಿತು ವಿಚಾರ ಮಾಡತಕ್ಕದ್ದು.